ಗಂಟಲು ಬೇನೆಯ ಬೆನ್ನಿಗೆ ಬರುವ ಮೂತ್ರಪಿಂಡದ ಉರಿಯೂತ

ಏಳೆಂಟು ವರ್ಷದ ಹುಡುಗನೊಬ್ಬನಿಗೆ ಗಂಟಲು ನೋವು ಬರುತ್ತದೆ. ಜೊತೆಗೆ ಎರಡು ದಿನ ಜ್ವರ. ಉಗುಳು ನುಂಗುವುದೂ ಕಷ್ಟ. ನಾಲ್ಕೈದು ದಿನಗಳಲ್ಲಿ ಬೇನೆ ತಾನಾಗಿಯೇ ಇಳಿಯುತ್ತದೆ. ಹುಡುಗ ಶಾಲೆಗೆ ಹೋಗುತ್ತಾನೆ, ಆಡುತ್ತಾನೆ, ಮನೆಯವರು ಆ ಜ್ವರವನ್ನು ಮರೆತೇಬಿಡುತ್ತಾರೆ. ಹೀಗೆ ಹತ್ತು ಹನ್ನೆರಡು ದಿನಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಅವನ ಕಣ್ಣಿನ ರೆಪ್ಪೆಗಳು ಊದಿಕೊಂಡಿರುತ್ತವೆ. ಮುಖ ಗುಂಡಗಾಗಿರುತ್ತದೆ. ಮಗು ಮೈತುಂಬಿಕೊಂಡಿತೆಂದು ಅಜ್ಜಿ ಸಂತೋಷಪಡುವುದೂ ಉಂಟು. ಆದರೆ ಆ ದಿನ ಅವನು ಮೂತ್ರ ಮಾಡಿದುದು ಬಹು ಕಡಿಮೆ. ಅದರ ಬಣ್ಣವಾದರೋ ಹಾಲು ಬೆರೆಸದ ಚಹದಂತೆ ಕಂದು. ತಲೆ ನೋಯುತ್ತದೆ ಎನ್ನುತ್ತಾನೆ. ವೈದ್ಯರು ಅಳೆದು ನೋಡಿದರೆ ಆ ವಯಸ್ಸಿಗೆ ಇರಬೇಕಾದುದಕ್ಕಿಂತ ರಕ್ತದ ಒತ್ತಡ ಹೆಚ್ಚಾಗಿದೆ.

ಈ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ತೀವ್ರ ಗ್ಲಾಮೆರುಲೊನೆಫ್ರೈಟಿಸ್ ಎಂದು ಹೆಸರು. ಹೆಸರು ಉದ್ದವಾಗಿದ್ದರೂ ಅರ್ಥ ಸರಳವೇ: ಮೂತ್ರಪಿಂಡದೊಳಗಿನ ಗ್ಲಾಮೆರುಲಸ್ ಎಂಬ ಸಣ್ಣ ಸಣ್ಣ ಗುಚ್ಛಗಳ ಉರಿಯೂತ. ಆದರೆ ನಮಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಹೆಸರಲ್ಲ, ನಡುವಿನ ಆ ಹತ್ತು ಹನ್ನೆರಡು ದಿನಗಳು. ಬೇನೆ ಬಂದದ್ದು ಗಂಟಲಿಗೆ, ಕೆಟ್ಟದ್ದು ಮೂತ್ರಪಿಂಡ. ಗಂಟಲಿನ ಕ್ರಿಮಿಯೇ ರಕ್ತದ ಮೂಲಕ ಹರಿದು ಮೂತ್ರಪಿಂಡವನ್ನು ಸೇರಿತೆನ್ನೋಣವೆಂದರೆ, ಆ ಗುಚ್ಛಗಳಲ್ಲಿ ಎಷ್ಟು ಹುಡುಕಿದರೂ ಜೀವಂತ ಕ್ರಿಮಿ ಸಿಕ್ಕುವುದಿಲ್ಲ. ಹಾಗಾದರೆ ಆ ಮೌನದ ದಿನಗಳಲ್ಲಿ ದೇಹದೊಳಗೆ ನಡೆಯುತ್ತಿದ್ದುದೇನು? ಈ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ನೂರೈವತ್ತು ವರ್ಷಗಳು ಬೇಕಾದುವು.

ಉತ್ತರವನ್ನು ತಿಳಿಯುವ ಮೊದಲು ಗುಚ್ಛವೆಂದರೇನೆಂಬುದನ್ನು ನೋಡೋಣ. ಬೆನ್ನೆಲುಬಿನ ಎಡಬಲಗಳಲ್ಲಿ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ, ಅವರೆಯ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ವಯಸ್ಕರಲ್ಲಿ ಒಂದೊಂದರ ತೂಕ ಸುಮಾರು 150 ಗ್ರಾಂ. ಎರಡೂ ಸೇರಿ ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲಿನಷ್ಟು. ಆದರೂ ಹೃದಯವು ಹೊರದೂಡುವ ರಕ್ತದಲ್ಲಿ ಐದರಲ್ಲೊಂದು ಪಾಲು ಇವಕ್ಕೆ ಸಲ್ಲುತ್ತದೆ. 1666ರಲ್ಲಿ ಇಟಲಿಯ ಮಾಲ್ಪಿಘಿ ಎಂಬ ವಿಜ್ಞಾನಿಯು ಮೂತ್ರಪಿಂಡದ ರಕ್ತನಾಳಕ್ಕೆ ಬಣ್ಣದ ದ್ರವವನ್ನು ತುಂಬಿ, ತನ್ನ ಕಾಲದ ಒರಟು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೊಂಬೆಗೆ ಜೋತ ಹಣ್ಣುಗಳಂತೆ ನಾಳಗಳ ತುದಿಯಲ್ಲಿ ನೇತಾಡುವ ಉಂಡೆಗಳು ಕಂಡವು. ಅವು ಏನು ಮಾಡುತ್ತವೆಂಬುದು ಸ್ಪಷ್ಟವಾಗಲು 1842ರವರೆಗೆ ಕಾಯಬೇಕಾಯಿತು. ಆ ವರ್ಷ ಇಂಗ್ಲೆಂಡಿನ ಬೋಮನ್ ಅವರು ಪ್ರತಿಯೊಂದು ಉಂಡೆಯನ್ನೂ ಬಟ್ಟಲಿನಂಥ ಒಂದು ಕೋಶ ಸುತ್ತುವರಿದಿರುವುದನ್ನೂ, ಆ ಬಟ್ಟಲಿನಿಂದಲೇ ಮೂತ್ರವನ್ನು ಒಯ್ಯುವ ಸೂಕ್ಷ್ಮನಾಳ ಹೊರಡುವುದನ್ನೂ ತೋರಿಸಿದರು.

ಉಂಡೆಯೆಂದರೆ ಸುಮಾರು 0.2 ಮಿಲಿಮೀಟರ್ ಅಗಲದ, ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಲೋಮನಾಳಗಳ ಸಿಕ್ಕು. ಒಂದೊಂದು ಮೂತ್ರಪಿಂಡದಲ್ಲಿ ಇಂಥವು ಸುಮಾರು ಹತ್ತು ಲಕ್ಷ. ಇವುಗಳೊಳಗೆ ರಕ್ತವು ಬೇರೆಡೆಯ ಲೋಮನಾಳಗಳಲ್ಲಿರುವುದಕ್ಕಿಂತ ಬಹಳ ಹೆಚ್ಚಿನ ಒತ್ತಡದಿಂದ ಹರಿಯುತ್ತದೆ. ಒತ್ತಡದ ಬಲದಿಂದ ನೀರು, ಉಪ್ಪು, ಸಕ್ಕರೆ, ಯೂರಿಯ ಮೊದಲಾದ ಸಣ್ಣ ಅಣುಗಳು ನಾಳದ ಗೋಡೆಯ ಮೂಲಕ ಸೋಸಿ ಬಟ್ಟಲಿಗೆ ಇಳಿಯುತ್ತವೆ. ರಕ್ತಕಣಗಳೂ ಪ್ರೋಟೀನಿನ ದೊಡ್ಡ ಅಣುಗಳೂ ಒಳಗೇ ಉಳಿಯುತ್ತವೆ. ಹೀಗೆ ಸೋಸಿ ಬರುವ ದ್ರವದ ಮೊತ್ತ ದಿನಕ್ಕೆ ಸುಮಾರು 180 ಲೀಟರ್. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಅಳೆದರೆ ಹನ್ನೆರಡು ಕೊಡ! ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಬಿಟ್ಟು ಮಿಕ್ಕುದೆಲ್ಲವನ್ನೂ ಸೂಕ್ಷ್ಮನಾಳಗಳು ಹೀರಿ ರಕ್ತಕ್ಕೆ ಹಿಂತಿರುಗಿಸುತ್ತವೆ. ನಾವು ಮೂತ್ರವೆಂದು ಕಾಣುವುದು ಆ ಉಳಿಕೆಯನ್ನು ಮಾತ್ರ.

ಸೋಸುವ ಗೋಡೆಯಲ್ಲಿ ಮೂರು ಪದರಗಳಿವೆ. ರಕ್ತಕ್ಕೆ ತಾಗಿದ ಒಳಪದರದ ಕೋಶಗಳಲ್ಲಿ ತೂತುಗಳಿವೆ. ಅದರ ಹೊರಗೆ ಒಂದು ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಭಾಗದಷ್ಟು ದಪ್ಪವಿರುವ ತಳಪೊರೆ. ಅದರಿಂದಾಚೆಗೆ, ಅಕ್ಟೋಪಸ್ ತನ್ನ ಬಾಹುಗಳಿಂದ ಬಂಡೆಯನ್ನು ತಬ್ಬಿದಂತೆ, ನಾಳವನ್ನು ತಬ್ಬಿ ಕುಳಿತ ಪಾದಕೋಶಗಳು. ಅವುಗಳ ಬೆರಳುಗಳು ಒಂದರ ನಡುವೆ ಒಂದು ಹೆಣೆದುಕೊಂಡಿದ್ದು, ನಡುವಣ ಸಂದುಗಳಲ್ಲಿ ಮತ್ತೂ ಸೂಕ್ಷ್ಮವಾದ ಜಾಲವಿದೆ. ಈ ಏರ್ಪಾಡು ಎಷ್ಟು ಬಿಗಿಯೆಂದರೆ, ಹನ್ನೆರಡು ಕೊಡ ಸೋಸಿದರೂ ಆರೋಗ್ಯವಂತನ ಮೂತ್ರದಲ್ಲಿ ದಿನಕ್ಕೆ 150 ಮಿಲಿಗ್ರಾಮಿಗಿಂತ ಹೆಚ್ಚು ಪ್ರೋಟೀನು ಹೊರಬೀಳುವುದಿಲ್ಲ.

ಇಂಥ ಗುಚ್ಛಕ್ಕೆ ಉರಿಯೂತ ಬಂದರೆ ಏನಾಗುವುದು? ಕಾಲಿಗೆ ಮುಳ್ಳು ನೆಟ್ಟು ಬಾತುಕೊಂಡುದನ್ನು ಎಲ್ಲರೂ ನೋಡಿದ್ದೇವೆ. ರಕ್ತದ ಬಿಳಿಯ ಕಣಗಳು ಅಲ್ಲಿಗೆ ನುಗ್ಗುತ್ತವೆ, ಅಂಗಾಂಶ ಊದಿಕೊಳ್ಳುತ್ತದೆ. ಗುಚ್ಛದಲ್ಲಿಯೂ ನಡೆಯುವುದು ಇದೇ. ಆದರೆ ಬಟ್ಟಲಿನೊಳಗೆ ಊದಿಕೊಳ್ಳಲು ಜಾಗವೆಲ್ಲಿದೆ? ನಾಳಗಳ ಒಳಗೋಡೆಯ ಕೋಶಗಳು ಉಬ್ಬಿ, ಹೊಸ ಕೋಶಗಳು ಹುಟ್ಟಿ, ಬಿಳಿಯ ಕಣಗಳು ಬಂದು ತುಂಬಿ, ರಕ್ತ ಹರಿಯುವ ದಾರಿಯೇ ಕಿರಿದಾಗುತ್ತದೆ. ಆದ್ದರಿಂದ ಸೋಸಬೇಕಾದ ನೀರೂ ಉಪ್ಪೂ ಸೋಸುವುದಿಲ್ಲ. ಅದೇ ಸಮಯದಲ್ಲಿ ಗೋಡೆ ಅಲ್ಲಲ್ಲಿ ಬಿರಿದು, ಸೋಸಬಾರದ ಕೆಂಪು ಕಣಗಳೂ ಪ್ರೋಟೀನೂ ಜಾರಿಹೋಗುತ್ತವೆ. ಸೋಸುವ ಬಟ್ಟೆಯು ಜಿಡ್ಡು ಹಿಡಿದು ಕಟ್ಟಿಕೊಂಡಿದೆ, ಅದರೊಡನೆ ಹರಿದೂ ಇದೆ. ರೋಗಿಯ ಎಲ್ಲ ಲಕ್ಷಣಗಳನ್ನೂ ಈ ಎರಡು ಕೆಡುಕುಗಳಿಂದಲೇ ವಿವರಿಸಬಹುದು. ಹೊರಹೋಗದೆ ಉಳಿದ ಉಪ್ಪು ಮತ್ತು ನೀರಿನಿಂದ ರಕ್ತದ ಮೊತ್ತ ಹೆಚ್ಚಿ ಒತ್ತಡ ಏರುತ್ತದೆ. ರಾತ್ರಿ ಮಲಗಿದ್ದಾಗ ನೀರು ರೆಪ್ಪೆಯಂಥ ಸಡಿಲವಾದ ಚರ್ಮದಡಿಯಲ್ಲಿ ಸೇರುತ್ತದೆ. ಎದ್ದು ಓಡಾಡಿದ ಮೇಲೆ ಸಂಜೆಗೆ ಅದೇ ನೀರು ಕಾಲಿಗೆ ಇಳಿಯುತ್ತದೆ. ಸೋರಿದ ಕೆಂಪು ಕಣಗಳು ಮೂತ್ರದ ಆಮ್ಲದಲ್ಲಿ ಬಹಳ ಹೊತ್ತು ನಿಂತು ಕಂದಾಗುತ್ತವೆ. ಅವುಗಳಲ್ಲಿ ಕೆಲವು ಸೂಕ್ಷ್ಮನಾಳದೊಳಗೇ ಹೆಪ್ಪುಗಟ್ಟಿ, ನಾಳದ ಆಕಾರವನ್ನೇ ತಳೆದು, ಉದ್ದನೆಯ ಅಚ್ಚುಗಳಾಗಿ ಮೂತ್ರದಲ್ಲಿ ತೇಲಿಬರುತ್ತವೆ. ಸೂಕ್ಷ್ಮದರ್ಶಕದಲ್ಲಿ ಈ ಅಚ್ಚು ಕಂಡಿತೆಂದರೆ, ರಕ್ತ ಬಂದುದು ಮೂತ್ರಕೋಶದಿಂದಲ್ಲ, ಕಲ್ಲಿನಿಂದಲೂ ಅಲ್ಲ, ಮೂತ್ರಪಿಂಡದೊಳಗಿನಿಂದಲೇ ಎಂದು ವೈದ್ಯರು ಹೇಳಬಲ್ಲರು.

ಇನ್ನು ಆ ನಡುವಿನ ದಿನಗಳ ಕಥೆ. ಅದನ್ನು ಮೊದಲು ಎಣಿಸಿದವರಲ್ಲಿ ಒಬ್ಬರು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಇಬ್ಬನಿ ಹೇಗೆ ಉಂಟಾಗುತ್ತದೆಂಬುದನ್ನು 1814ರಲ್ಲಿ ವಿವರಿಸಿ ಹೆಸರಾದವರು ಇವರೇ. ಆ ಕಾಲದಲ್ಲಿ ಯೂರೋಪಿನ ಮಕ್ಕಳನ್ನು ಕಾಡುತ್ತಿದ್ದ ಸ್ಕಾರ್ಲೆಟ್ ಜ್ವರವೂ ಗಂಟಲು ಬೇನೆಯದೇ ಒಂದು ರೂಪ. ಮೈಯೆಲ್ಲ ಕೆಂಪು ದದ್ದು ಏಳುವುದೊಂದೇ ಹೆಚ್ಚಿನ ಲಕ್ಷಣ. ಈ ಜ್ವರ ಇಳಿದು ಮಕ್ಕಳು ಚೇತರಿಸಿಕೊಂಡ ಮೇಲೆ, ಜ್ವರ ಆರಂಭವಾದ ಸುಮಾರು ಇಪ್ಪತ್ತೆರಡನೆಯ ದಿನಕ್ಕೆ ಮೈ ಊದಿಕೊಳ್ಳುವುದನ್ನೂ, ಆಗ ಮೂತ್ರದಲ್ಲಿ ರಕ್ತವೂ ಕಾಸಿದರೆ ಗರಣೆಗಟ್ಟುವ ಪದಾರ್ಥವೂ ಇರುವುದನ್ನೂ ವೆಲ್ಸ್ 1812ರಲ್ಲಿ ಪ್ರಕಟಿಸಿದರು. ಊತಕ್ಕೂ ಮೂತ್ರಪಿಂಡಕ್ಕೂ ಗಂಟು ಹಾಕಿದ ಕೀರ್ತಿ ಮಾತ್ರ ಅದೇ ನಗರದ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಅವರಿಗೆ ಸಂದಿತು. ಮೈ ಊದಿ ಬಂದ ರೋಗಿಗಳ ಮೂತ್ರವನ್ನು ಅವರು ಚಮಚದಲ್ಲಿ ಹಿಡಿದು ಮೇಣದ ಬತ್ತಿಯ ಉರಿಗೆ ಒಡ್ಡುತ್ತಿದ್ದರು. ಕೋಳಿಮೊಟ್ಟೆಯ ಬಿಳಿ ಬೇಯುವಾಗ ಗಟ್ಟಿಯಾಗುವಂತೆಯೇ ಅದರೊಳಗಿನ ಆಲ್ಬುಮಿನ್ ಎಂಬ ಪ್ರೋಟೀನು ಬೆಳ್ಳಗೆ ಗಡ್ಡೆಕಟ್ಟುತ್ತಿತ್ತು. ಅಂಥವರು ತೀರಿಕೊಂಡ ಮೇಲೆ ಶವವನ್ನು ಕೊಯ್ದು ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದುವು. 1827ರಲ್ಲಿ ಪ್ರಕಟವಾದ ಈ ಕಾರ್ಯದಿಂದಾಗಿ ಇಂಥ ರೋಗಗಳಿಗೆಲ್ಲ ಒಂದು ಶತಮಾನಕ್ಕೂ ಮಿಕ್ಕಿ 'ಬ್ರೈಟನ ರೋಗ'ವೆಂಬ ಹೆಸರೇ ನಿಂತಿತು. ಚಮಚದ ಪರೀಕ್ಷೆ ಬ್ರೈಟರ ಸ್ವಂತ ಶೋಧವಲ್ಲ, ಹಿಂದಿನವರಿಗೂ ತಿಳಿದಿತ್ತು. ಆದರೆ ಬದುಕಿರುವಾಗ ಚಮಚದಲ್ಲಿ ಕಂಡುದನ್ನು ಸತ್ತ ಮೇಲೆ ಮೂತ್ರಪಿಂಡದಲ್ಲಿ ಕಂಡುದರೊಡನೆ ಜೋಡಿಸುವ ತಾಳ್ಮೆ ಅವರದು. ನಮ್ಮ ಎಣಿಕೆಯಲ್ಲಿ ಶೋಧಕ್ಕಿಂತ ಅದೇ ದೊಡ್ಡದು.

ಇಷ್ಟಾದರೂ ರೋಗವು ಎರಡು ಮೂರು ವಾರ ತಡೆದು ಬರುವುದೇಕೆಂಬುದು ಒಗಟಾಗಿಯೇ ಉಳಿಯಿತು. ಅದಕ್ಕೆ ಸುಳಿವು ದೊರೆತುದು ಮೂತ್ರಪಿಂಡದಿಂದಲ್ಲ, ಕುದುರೆಯ ರಕ್ತದಿಂದ! ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಡಿಫ್ತೀರಿಯದಂಥ ರೋಗಗಳಿಗೆ, ಕುದುರೆಯ ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಮಕ್ಕಳಿಗೆ ಚುಚ್ಚುತ್ತಿದ್ದರು. ವಿಯೆನ್ನಾದಲ್ಲಿ ಪಿರ್ಕೆ ಮತ್ತು ಷಿಕ್ ಎಂಬ ಇಬ್ಬರು ಮಕ್ಕಳ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಚುಚ್ಚಿದ ಎಂಟರಿಂದ ಹನ್ನೆರಡು ದಿನಗಳ ಅನಂತರ ಕೆಲವು ಮಕ್ಕಳಿಗೆ ಜ್ವರ, ದದ್ದು, ಕೀಲುನೋವು, ಊತ ಬರುತ್ತಿದ್ದುವು. ಸೀರಮ್ಮಿನಲ್ಲಿಯೇ ವಿಷವಿದ್ದರೆ ಅದೇ ದಿನ ಬರಬೇಕಿತ್ತಲ್ಲವೆ? ಅದೇ ಮಗುವಿಗೆ ಎರಡನೆಯ ಬಾರಿ ಚುಚ್ಚಿದಾಗ ಲಕ್ಷಣಗಳು ಬಹು ಬೇಗನೆ ತೋರಿದುವು. ದೇಹವು ಪರಕೀಯ ಪದಾರ್ಥದ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲು ವಾರ ಹತ್ತು ದಿನ ಬೇಕು. ಅವು ಸಿದ್ಧವಾಗಿ, ರಕ್ತದಲ್ಲಿ ಇನ್ನೂ ಉಳಿದಿರುವ ಪದಾರ್ಥದೊಡನೆ ಕೂಡಿದಾಗ ಹುಟ್ಟುವ ಕೋಲಾಹಲವೇ ರೋಗ ಎಂದು ಅವರು 1905ರಲ್ಲಿ ಬರೆದರು. ನಮ್ಮನ್ನು ಕಾಯಬೇಕಾದ ಪ್ರತಿಕಾಯವೇ ನೋವನ್ನೂ ತರಬಲ್ಲುದೆಂಬ ಮಾತು ಅಂದಿನವರಿಗೆ ಹಿಡಿಸುವಂಥದಾಗಿರಲಿಲ್ಲ. ಸ್ಕಾರ್ಲೆಟ್ ಜ್ವರದ ಅನಂತರ ಬರುವ ಮೂತ್ರಪಿಂಡದ ಬೇನೆಯ ವಿಳಂಬಕ್ಕೂ ಇದೇ ಕಾರಣವಿರಬೇಕೆಂದು ಷಿಕ್ ಊಹಿಸಿದರು.

ಊಹೆಯು ಕಣ್ಣಿಗೆ ಕಂಡುದು 1950ರ ದಶಕದಲ್ಲಿ, ಅಮೆರಿಕದ ಪ್ರಯೋಗಶಾಲೆಗಳ ಮೊಲಗಳಲ್ಲಿ. ಫ್ರಾಂಕ್ ಡಿಕ್ಸನ್ ಮತ್ತಿತರರು ಮೊಲಕ್ಕೆ ಹಸುವಿನ ಆಲ್ಬುಮಿನ್ನನ್ನು ಚುಚ್ಚಿ, ಅದು ರಕ್ತದಲ್ಲಿ ಎಷ್ಟು ಉಳಿದಿದೆಯೆಂದು ದಿನದಿನವೂ ಅಳೆದರು. ಮೊದಲ ವಾರ ಮೊಲ ಆರೋಗ್ಯವಾಗಿತ್ತು. ಅನಂತರ ಪ್ರತಿಕಾಯಗಳು ತಲೆದೋರಿ, ಆಲ್ಬುಮಿನ್ನಿನೊಡನೆ ಕೂಡಿದ ಗಂಟುಗಳು ರಕ್ತದಲ್ಲಿ ಓಡಾಡುತ್ತಿದ್ದ ದಿನಗಳಲ್ಲಿಯೇ, ಸರಿಯಾಗಿ ಆಗಲೇ, ಗುಚ್ಛಗಳಿಗೆ ಉರಿಯೂತ ಬಂತು. ಆಲ್ಬುಮಿನ್ ಪೂರ್ತಿ ಕಳೆದುಹೋದ ಮೇಲೆ ಉರಿಯೂತವೂ ಇಳಿಯಿತು. ಕ್ರಿಮಿಯ ಸಂಪರ್ಕವೇ ಇಲ್ಲದೆ ರೋಗ ಬಂದು ಹೋಯಿತು!

ಹೀಗೆ ಪ್ರತಿಕಾಯವು ಪರಪದಾರ್ಥದೊಡನೆ ಕೂಡಿದ ಕಡೆ ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ತಂಡ ಎಚ್ಚರಗೊಳ್ಳುತ್ತದೆ. ಕ್ರಿಮಿಯನ್ನು ಕೊಲ್ಲುವುದು, ಬಿಳಿಯ ಕಣಗಳನ್ನು ಕೂಗಿ ಕರೆಯುವುದು ಅದರ ಕೆಲಸ. ಗುಚ್ಛದಲ್ಲಿ ಕೊಲ್ಲಲು ಕ್ರಿಮಿಯಿಲ್ಲ. ಆದರೂ ಕರೆ ಹೋಗುತ್ತದೆ, ಕಣಗಳು ಬರುತ್ತವೆ, ಬಂದವು ಸುಮ್ಮನಿರಲಾರದೆ ಗೋಡೆಯನ್ನೇ ಕೆಡಿಸುತ್ತವೆ. ನಮ್ಮ ಹುಡುಗನ ರೋಗದಲ್ಲಿ ಕ್ರಿಮಿಯ ಪ್ರೋಟೀನಿನ ಚೂರುಗಳು ಮೊದಲೇ ತಳಪೊರೆಗೆ ಅಂಟಿಕೊಂಡು, ಪ್ರತಿಕಾಯಗಳು ಅಲ್ಲಿಗೇ ಹೋಗಿ ಕೂಡುವುದೂ ಉಂಟೆಂದು ಈಚಿನ ವಿಜ್ಞಾನಿಗಳ ಅಭಿಪ್ರಾಯ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಸಂಚಯಗಳು ತಳಪೊರೆಯ ಹೊರಮೈಯಲ್ಲಿ ಒಂಟೆಯ ಡುಬ್ಬದಂತೆ ಎದ್ದು ಕಾಣುತ್ತವೆ.

ಬದುಕಿರುವ ಮನುಷ್ಯನ ಗುಚ್ಛವನ್ನು ಹೀಗೆ ನೋಡುವುದು ಸಾಧ್ಯವಾದುದು ಎರಡು ಉಪಾಯಗಳಿಂದ. 1951ರಲ್ಲಿ ಕೋಪನ್‌ಹೇಗನ್ನಿನ ಇವರ್ಸನ್ ಮತ್ತು ಬ್ರೂನ್ ಅವರು, ಬೆನ್ನಿನ ಕಡೆಯಿಂದ ಸೂಜಿಯನ್ನು ತೂರಿಸಿ ಮೂತ್ರಪಿಂಡದ ದಾರದಂಥ ಎಳೆಯೊಂದನ್ನು ಹೊರತೆಗೆಯುವ ಕ್ರಮವನ್ನು ವಿವರಿಸಿದರು. ಇನ್ನೊಂದು, ಅಮೆರಿಕದ ಕೂನ್ಸ್ ಅವರು 1940ರ ದಶಕದಲ್ಲಿ ರೂಢಿಗೆ ತಂದ, ಹೊಳೆಯುವ ಬಣ್ಣವನ್ನು ಪ್ರತಿಕಾಯಕ್ಕೆ ಅಂಟಿಸುವ ವಿಧಾನ. ಇವೆರಡೂ ಕೂಡಿದಾಗ ಬ್ರೈಟರ ಒಂದು ರೋಗ ಹಲವು ರೋಗಗಳಾಗಿ ಒಡೆಯಿತು. ಗಂಟಲು ಬೇನೆಯ ಅನಂತರದ ರೋಗದಲ್ಲಿ ಹೊಳಪು ರಾತ್ರಿಯ ನಕ್ಷತ್ರಗಳಂತೆ ಚುಕ್ಕೆಚುಕ್ಕೆಯಾಗಿ ಹರಡಿತ್ತು. ಮತ್ತೊಂದು ವಿರಳವಾದ, ಭಯಂಕರವಾದ ರೋಗದಲ್ಲಿ ಹೊಳಪು ತಳಪೊರೆಯುದ್ದಕ್ಕೂ ಗೆರೆ ಎಳೆದಂತಿತ್ತು. ಅಲ್ಲಿ ಹೊರಗಿನ ಪದಾರ್ಥವೇ ಇಲ್ಲ, ತಳಪೊರೆಯನ್ನೇ ಶತ್ರುವೆಂದು ಬಗೆದು ಪ್ರತಿಕಾಯ ಹುಟ್ಟಿದೆ. ಶ್ವಾಸಕೋಶದ ರಕ್ತಸ್ರಾವದೊಡನೆ ಇದು ಬರುವುದುಂಟು. ಅದನ್ನು 1919ರಲ್ಲಿ ವರ್ಣಿಸಿದ ಗುಡ್‌ಪಾಸ್ಚರ್ ಅವರ ಹೆಸರಿನಿಂದ ಕರೆಯುತ್ತಾರೆ. ಈ ರೋಗ ಕೆಲವೇ ವಾರಗಳಲ್ಲಿ ಮೂತ್ರಪಿಂಡವನ್ನು ಹಾಳುಮಾಡಬಲ್ಲುದಾದ್ದರಿಂದ, ರಕ್ತದಿಂದ ಪ್ರತಿಕಾಯಗಳನ್ನು ತೊಳೆದು ತೆಗೆಯುವ ಚಿಕಿತ್ಸೆಯನ್ನು ತಡಮಾಡದೆ ಆರಂಭಿಸಬೇಕಾಗುತ್ತದೆ. ಮೂರನೆಯದನ್ನು 1968ರಲ್ಲಿ ಪ್ಯಾರಿಸ್ಸಿನ ಬರ್ಜರ್ ಕಂಡರು. ಅದರಲ್ಲಿ ಗಂಟಲು ಬೇನೆ ಬಂದ ಒಂದೆರಡು ದಿನಗಳಲ್ಲಿಯೇ ಮೂತ್ರ ಕೆಂಪಾಗುತ್ತದೆ. ಮೌನದ ದಿನಗಳೇ ಇಲ್ಲ. ಐಜಿಎ ಎಂಬ ಬಗೆಯ ಪ್ರತಿಕಾಯ ಗುಚ್ಛದಲ್ಲಿ ಸೇರುವ ಈ ರೋಗ ಮೇಲುನೋಟಕ್ಕೆ ಸೌಮ್ಯ, ಆದರೆ ಕೆಲವರಲ್ಲಿ ಹತ್ತಿಪ್ಪತ್ತು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಮೂತ್ರಪಿಂಡವನ್ನು ಮುಗಿಸುತ್ತದೆ. ಆದ್ದರಿಂದ ಗಂಟಲು ನೋವು ಯಾವ ದಿನ ಬಂತು, ಮೂತ್ರದ ಬಣ್ಣ ಯಾವ ದಿನ ಕೆಟ್ಟಿತು ಎಂದು ವೈದ್ಯರು ಕೇಳಿದರೆ ಅದು ಕಾಡುಹರಟೆಯಲ್ಲ. ತಾಯಿ ನೆನಪಿಟ್ಟು ಹೇಳುವ ಎರಡು ತಾರೀಖುಗಳಲ್ಲಿಯೇ ರೋಗ ಯಾವುದೆಂಬುದರ ಅರ್ಧ ನಿರ್ಣಯವಿದೆ.

ನಮ್ಮ ಹುಡುಗನ ಗಂಟಲನ್ನು ಕೆಡಿಸಿದ ಕ್ರಿಮಿ ಸ್ಟ್ರೆಪ್ಟೊಕಾಕಸ್. ಮಣಿಸರದಂತೆ ಸಾಲುಗಟ್ಟಿ ಬೆಳೆಯುವ ಈ ಕ್ರಿಮಿಯಲ್ಲಿ ಅನೇಕ ತಳಿಗಳಿವೆ. ಎಲ್ಲ ತಳಿಗಳೂ ಮೂತ್ರಪಿಂಡಕ್ಕೆ ಕೇಡು ತರುವುದಿಲ್ಲ. ಅಮೆರಿಕದ ಮಿನೆಸೋಟ ಸಂಸ್ಥಾನದ ರೆಡ್ ಲೇಕ್ ಎಂಬಲ್ಲಿ, ಅಲ್ಲಿನ ಮೂಲನಿವಾಸಿಗಳ ಮಕ್ಕಳಲ್ಲಿ 1953ರಲ್ಲಿಯೂ ಮತ್ತೆ 1966ರಲ್ಲಿಯೂ ಈ ಉರಿಯೂತ ಸಾಂಕ್ರಾಮಿಕದಂತೆ ಹರಡಿತು. ಅಲ್ಲಿ ಕ್ರಿಮಿ ನೆಲೆಸಿದ್ದುದು ಗಂಟಲಿನಲ್ಲಲ್ಲ, ಚರ್ಮದ ಹುಣ್ಣುಗಳಲ್ಲಿ. ಬಿಸಿಲು ನಾಡುಗಳಲ್ಲಿ, ನಮ್ಮ ದೇಶವೂ ಸೇರಿದಂತೆ, ಈ ದಾರಿಯೇ ಹೆಚ್ಚು ಬಳಕೆಯದು. ಕಜ್ಜಿ ಹಿಡಿದ ಮಗು ಕೆರೆದುಕೊಳ್ಳುತ್ತದೆ. ಕೆರೆದ ಗಾಯದಲ್ಲಿ ಸ್ಟ್ರೆಪ್ಟೊಕಾಕಸ್ ಸೇರಿ ಕೀವುಗುಳ್ಳೆಗಳೇಳುತ್ತವೆ. ಅಲ್ಲಿಂದ ಮೂತ್ರಪಿಂಡಕ್ಕೆ ಮೂರರಿಂದ ಆರು ವಾರಗಳ ದಾರಿ, ಗಂಟಲಿನಿಂದ ಬರುವುದಕ್ಕಿಂತ ಬಹಳ ನಿಧಾನ. ಆದ ಕಾರಣ ಹುಣ್ಣು ಮಾಯ್ದು ಕಲೆ ಮಾತ್ರ ಉಳಿದಿರುವಾಗ ಊತ ಬರುತ್ತದೆ. ಎರಡಕ್ಕೂ ಸಂಬಂಧವಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ.

ಪೆನಿಸಿಲಿನ್ ಕೊಟ್ಟರೆ ಆಗದೆ ಎಂದು ಓದುಗರು ಕೇಳಬಹುದು. ಗಂಟಲಲ್ಲಿಯೋ ಚರ್ಮದಲ್ಲಿಯೋ ಉಳಿದ ಕ್ರಿಮಿಯನ್ನು ಅದು ಕೊಲ್ಲುತ್ತದೆ. ಮನೆಯ ಬೇರೆ ಮಕ್ಕಳಿಗೆ ಹರಡುವುದನ್ನು ತಡೆಯುತ್ತದೆ. ಇದೇ ಕ್ರಿಮಿಯಿಂದ ಹೃದಯಕ್ಕೆ ಬರುವ ರುಮ್ಯಾಟಿಕ್ ಜ್ವರವನ್ನು ಸಕಾಲದ ಪೆನಿಸಿಲಿನ್ ತಪ್ಪಿಸಬಲ್ಲುದೆಂಬುದು ಸಿದ್ಧವಾದ ಮಾತು. ಆದರೆ ಗುಚ್ಛದಲ್ಲಿ ಒಮ್ಮೆ ಉರಿಯೂತ ಹೊತ್ತಿಕೊಂಡ ಮೇಲೆ ಅದನ್ನು ಆರಿಸುವ ಶಕ್ತಿ ಪೆನಿಸಿಲಿನ್ನಿಗಿಲ್ಲ, ಏಕೆಂದರೆ ಅಲ್ಲಿ ಕೊಲ್ಲಬೇಕಾದ ಕ್ರಿಮಿಯೇ ಇಲ್ಲ. ಅದು ತಾನಾಗಿ ಆರಬೇಕು. ಆರುವವರೆಗೆ ಮಗುವನ್ನು ಕಾಪಾಡುವುದೇ ಚಿಕಿತ್ಸೆ. ಉಪ್ಪನ್ನು ಬಹಳ ಕಡಿಮೆ ಮಾಡುವುದು, ಕುಡಿಯುವ ನೀರನ್ನು ಹೊರಬರುವ ಮೂತ್ರಕ್ಕೆ ತಕ್ಕಂತೆ ಅಳೆದು ಕೊಡುವುದು, ಮೂತ್ರವನ್ನು ಹೆಚ್ಚಿಸುವ ಔಷಧಿ, ರಕ್ತದ ಒತ್ತಡವನ್ನು ಇಳಿಸುವ ಔಷಧಿ, ಇವು ಮುಖ್ಯ. ಮೊದಲ ವಾರವೇ ಗಂಡಾಂತರದ ಕಾಲ. ಒತ್ತಡ ಮಿತಿಮೀರಿದರೆ ಸೆಳವು ಬರಬಹುದು. ನೀರು ಶ್ವಾಸಕೋಶದಲ್ಲಿ ತುಂಬಿದರೆ ಉಸಿರು ಕಟ್ಟಬಹುದು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೂತ್ರ ಕಟ್ಟಿದೆಯೆಂದೊಡನೆ ಎಳನೀರು, ಬಾರ್ಲಿ ನೀರು ಕುಡಿಸುವುದು ನಮ್ಮ ಮನೆಗಳ ಪದ್ಧತಿ. ಬಿಸಿಲಿನಲ್ಲಿ ಬೆವರಿ ಮೂತ್ರ ಕಡಿಮೆಯಾದವನಿಗೆ ಅದು ಹಿತ. ಆದರೆ ಗುಚ್ಛಗಳೇ ಮುಚ್ಚಿಕೊಂಡ ಮಗುವಿಗೆ ಕುಡಿಸಿದ ನೀರೆಲ್ಲ ಮೈಯಲ್ಲಿಯೇ ನಿಲ್ಲುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬೇರೆ ಹೇರಳವಾಗಿದೆ. ಅದನ್ನು ಹೊರಹಾಕಬೇಕಾದ ಮೂತ್ರಪಿಂಡ ಕೆಲಸ ಮಾಡದಿದ್ದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಹೃದಯದ ಬಡಿತವೇ ತಪ್ಪುವ ಅಪಾಯವಿದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಎಳನೀರು ಹೀಗೆ ವಿಪರೀತ ಫಲವನ್ನು ಕೊಡುತ್ತದೆ.

ಸಮಾಧಾನದ ಸಂಗತಿಯೆಂದರೆ ಮಕ್ಕಳಲ್ಲಿ ಬಹುಮಂದಿ ಪೂರ್ತಿ ಗುಣ ಹೊಂದುತ್ತಾರೆ. ವಾರ ಹತ್ತು ದಿನಗಳಲ್ಲಿ ಒಮ್ಮೆಗೇ ಮೂತ್ರ ಧಾರಾಳವಾಗಿ ಬರತೊಡಗಿ, ಊತ ಇಳಿದು, ಮಗುವಿನ ತೂಕ ದಿನದಿನಕ್ಕೂ ಕಡಿಮೆಯಾಗುತ್ತದೆ. ದೊಡ್ಡವರಲ್ಲಿ ಫಲ ಅಷ್ಟು ನಿಶ್ಚಿತವಲ್ಲ. ಗುಣವಾಯಿತೆಂದು ತಿಳಿಯಲು ವೈದ್ಯರು ರಕ್ತದಲ್ಲಿನ ಕಾಂಪ್ಲಿಮೆಂಟನ್ನು, ಅದರಲ್ಲಿಯೂ ಸಿ-3 ಎಂಬ ಅಂಶವನ್ನು ಅಳೆಯುತ್ತಾರೆ. ಗುಚ್ಛಗಳ ಕದನದಲ್ಲಿ ವೆಚ್ಚವಾಗಿ ಅದು ಮೊದಲು ಕುಗ್ಗಿರುತ್ತದೆ; ಆರರಿಂದ ಎಂಟು ವಾರಗಳಲ್ಲಿ ಹಿಂದಿನ ಮಟ್ಟಕ್ಕೆ ಬರಬೇಕು. ಬರದಿದ್ದರೆ ಇದು ಗಂಟಲು ಬೇನೆಯ ರೋಗವಲ್ಲ, ಬೇರೊಂದೆಂದು ಶಂಕಿಸಿ ಸೂಜಿಯ ಪರೀಕ್ಷೆಗೆ ತೊಡಗುತ್ತಾರೆ. ಮೂತ್ರದ ಬಣ್ಣ ಕೆಲವು ವಾರಗಳಲ್ಲಿ ತಿಳಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಒಂದೊಂದು ಕೆಂಪು ಕಣ ಒಂದು ವರ್ಷದವರೆಗೂ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಕಾಲವೂ ಕಾಣಬಹುದು. ಹುಡುಗ ಅಷ್ಟರಲ್ಲಿ ಮುಂದಿನ ತರಗತಿಗೆ ಹೋಗಿರುತ್ತಾನೆ.